ಮಿಡಿತದ ಔಷಧಿಗಳ ಕುರಿತು ಚೈತ್ರಾಳಿಗೆ



ಐಸಿಯು ಪೋಸ್ಟಿಂಗ್ ಶುರುವಾಗಿದೆ, ತಪ್ಪಿದ ಮಿಡಿತವನ್ನು ಹದಕ್ಕೆ ತರುವ ಔಷಧಿಗಳ ನಾಲ್ಕು ವರ್ಗ ತಲೆಯಲ್ಲಿ ನಿಲ್ಲುತ್ತಿಲ್ಲ ಅಂತ ಬರೆದಿದ್ದೀಯ. ಬಾಯಿಪಾಠ ಮಾಡಿದರೆ ಯಾರಿಗೂ ನಿಲ್ಲುವುದಿಲ್ಲ ಮಗಳೇ. ಆಕ್ಸ್‌ಫರ್ಡಿನ ವಾನ್ ವಿಲಿಯಮ್ಸ್ 1970ರಲ್ಲಿ ಈ ವಿಂಗಡಣೆ ಶುರುಮಾಡಿದ್ದು, ಔಷಧಿ ಜೀವಕೋಶದಲ್ಲಿ ಏನನ್ನು ತಡೆಯುತ್ತದೆ ಅನ್ನುವುದನ್ನು ನೋಡಿ. ಸೋಡಿಯಂ ಒಳನುಗ್ಗಿದಾಗ ಮಿಡಿತ ಏಳುತ್ತದೆ, ಪೊಟ್ಯಾಸಿಯಂ ಹೊರಹೋದಾಗ ಕೋಶ ಮೊದಲಿನ ಸ್ಥಿತಿಗೆ ಮರಳುತ್ತದೆ. ಮೊದಲ ವರ್ಗ ಸೋಡಿಯಂಗೆ ಅಡ್ಡ, ಮೂರನೆಯದು ಪೊಟ್ಯಾಸಿಯಂಗೆ. ನಡುವಿನದು ನಿನಗೆ ದಿನಾ ಕಾಣುವ ಬೀಟಾ ಬ್ಲಾಕರ್, ಅಡ್ರಿನಲಿನ್ನಿನ ಅಬ್ಬರ ಇಳಿಸುವಂಥದ್ದು. ನಾಲ್ಕನೆಯ ವರ್ಗದ ವೆರಪಮಿಲ್, ಡಿಲ್ಟಿಯಾಜೆಮ್ ಕ್ಯಾಲ್ಸಿಯಂ ತಡೆದು ಎವಿ ನೋಡ್‌ನಲ್ಲಿ ಸಂಕೇತದ ವೇಗ ತಗ್ಗಿಸುತ್ತವೆ.

ಪಟ್ಟಿಗಿಂತ ಮುಖ್ಯವಾದದ್ದು ಕ್ಯಾಸ್ಟ್ ಅಧ್ಯಯನದ ಕಥೆ. ಹಾರ್ಟ್ ಅಟ್ಯಾಕ್ ಆದವರ ಇಸಿಜಿಯಲ್ಲಿ ಹೆಚ್ಚುವರಿ ಮಿಡಿತ ಕಂಡರೆ ಅಡಗಿಸಿಬಿಡಿ, ಹಠಾತ್ ಸಾವು ತಪ್ಪುತ್ತದೆ ಎಂದು ಆ ಕಾಲದಲ್ಲಿ ಬಹಳ ಜನ ನಂಬಿದ್ದರು. ಅಮೆರಿಕದವರು ಮೊದಲ ವರ್ಗದ ಫ್ಲೆಕನೈಡ್, ಎನ್‌ಕನೈಡ್ ಕೊಟ್ಟು ಪರೀಕ್ಷಿಸಿದರು. ಔಷಧಿ ಒಗ್ಗಿ ಮಿಡಿತ ಅಡಗಿದವರನ್ನೇ ಆರಿಸಿಕೊಂಡಿದ್ದರು ಅನ್ನುವುದನ್ನು ಮರೆಯಬೇಡ. ಸರಾಸರಿ 10 ತಿಂಗಳಲ್ಲಿ ಔಷಧಿ ತೆಗೆದುಕೊಂಡ 755 ಜನರಲ್ಲಿ 63 ಮಂದಿ ಸತ್ತರು. ಹುಸಿಗುಳಿಗೆ ನುಂಗಿದ 743 ಜನರಲ್ಲಿ 26 ಮಂದಿ. 1989ರಲ್ಲಿ ಆ ಎರಡನ್ನೂ ಕೊಡುವುದನ್ನು ನಿಲ್ಲಿಸಿದರು. ಗಾಯದ ಕಲೆಯಿರುವ ಸ್ನಾಯುವಿನಲ್ಲಿ ಸಂಕೇತ ಮೊದಲೇ ತೆವಳುತ್ತಿರುತ್ತದೆ. ಸೋಡಿಯಂ ತಡೆದು ಅದನ್ನು ಇನ್ನೂ ನಿಧಾನ ಮಾಡಿದರೆ ಕಲೆಯ ಸುತ್ತ ಗಾಣದ ಎತ್ತಿನ ಹಾಗೆ ಸುತ್ತತೊಡಗುತ್ತದೆ. ಇಸಿಜಿ ಚೊಕ್ಕಟವಾದ ಮಾತ್ರಕ್ಕೆ ಮನುಷ್ಯ ಉಳಿಯುತ್ತಾನೆ ಅನ್ನುವ ಲೆಕ್ಕ ಅಲ್ಲಿಗೆ ಬಿದ್ದುಹೋಯಿತು. ಹಾಗಂತ ಫ್ಲೆಕನೈಡ್ ಕೆಟ್ಟದ್ದಲ್ಲ. ಹೃದಯದ ರಚನೆ ಸರಿಯಿದ್ದು ಎಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ಇಂದಿಗೂ ಕೊಡುತ್ತಾರೆ.

ಮೂರನೆಯ ವರ್ಗದ ಸೋಟಲಾಲ್ ಕ್ಯೂಟಿ ಅಂತರ ಹಿಗ್ಗಿಸುತ್ತದೆ. ಉಚ್ಚೆ ಹೋಗಿಸುವ ಮಾತ್ರೆಯಿಂದ ಪೊಟ್ಯಾಸಿಯಂ ಇಳಿದಿದ್ದರೆ, ಕಿಡ್ನಿ ಸೋತಿದ್ದರೆ, ಜೊತೆಗೆ ಕೆಮ್ಮಿಗೆಂದು ಯಾರೋ ಎರಿಥ್ರೊಮೈಸಿನ್ ಬರೆದಿದ್ದರೆ, ಟೊರ್ಸಾಡ್ ಎಂಬ ಮಾರಕ ಮಿಡಿತಕ್ಕೆ ದಾರಿ ಸಿದ್ಧವಾದಂತೆಯೇ.

ಅಮಿಯೊಡರೋನ್ ಬೇರೆಯೇ ಪ್ರಾಣಿ. 1961ರಲ್ಲಿ ಬೆಲ್ಜಿಯಂನಲ್ಲಿ ಎದೆನೋವಿಗೆಂದು ತಯಾರಾದದ್ದು. ನಾಲ್ಕೂ ವರ್ಗಗಳ ಗುಣ ಅದರಲ್ಲಿದೆ. ದುರ್ಬಲ ಹೃದಯಕ್ಕೂ ಕೊಡಬಹುದು ಅಂತ ನಾವೆಲ್ಲ ಅದಕ್ಕೆ ಮಾರುಹೋದೆವು. ಸ್ವಲ್ಪ ಅತಿಯಾಗಿಯೇ, ಅಂತ ನನ್ನ ಅನಿಸಿಕೆ. 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ದೇಹಕ್ಕೆ ದಿನಕ್ಕೆ ಬೇಕಾದದ್ದು 0.15. ಥೈರಾಯ್ಡ್ ಇಳಿಯಲೂಬಹುದು, ಏರಲೂಬಹುದು. ಕೊಬ್ಬಿನಲ್ಲಿ ಸೇರಿಕೊಂಡು ಮಾತ್ರೆ ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಒಣಕೆಮ್ಮು, ಏದುಸಿರು ಅಂದವರ ಶ್ವಾಸಕೋಶ ನೋಡು. ಹೊಲದಲ್ಲಿ ದುಡಿಯುವವರಿಗೆ ತಲೆಗೆ ಟೋಪಿ, ಮೈತುಂಬ ಅಂಗಿ ಹಾಕಲು ಹೇಳು. ಬಿಸಿಲು ಬಿದ್ದ ಚರ್ಮ ನೀಲಿಗಟ್ಟುವುದುಂಟು. ವಾರ್ಫರಿನ್ ತೆಗೆದುಕೊಳ್ಳುವವರಾದರೆ ಅದರ ಡೋಸ್ ಇಳಿಸಬೇಕಾಗುತ್ತದೆ, ಐಎನ್‌ಆರ್ ಬೇಗಬೇಗ ಮಾಡಿಸು.

ಕೊನೆಯಲ್ಲಿ ಡಬ್ಲ್ಯುಪಿಡಬ್ಲ್ಯು, ಅಂದರೆ ಎವಿ ನೋಡ್ ಅಲ್ಲದೆ ಇನ್ನೊಂದು ಅಡ್ಡದಾರಿಯೂ ಹುಟ್ಟಿನಿಂದ ಇರುವವರ ಬಗ್ಗೆ ಕೇಳಿದ್ದೀಯ. ಅವರಿಗೆ ಎಟ್ರಿಯಲ್ ಫಿಬ್ರಿಲೇಷನ್ ಬಂದರೆ ವೆರಪಮಿಲ್ ಚುಚ್ಚಲೇಬೇಡ. ಎವಿ ನೋಡ್ ಮುಚ್ಚಿದರೆ ಸಂಕೇತಗಳೆಲ್ಲ ಅಡ್ಡದಾರಿಯಲ್ಲಿ ಇಳಿದು ವೆಂಟ್ರಿಕಲ್ ಅದುರಿಬಿಡಬಹುದು. ರಕ್ತದೊತ್ತಡ ಕುಸಿದಿದ್ದರೆ ಶಾಕ್ ಕೊಡು, ಇಲ್ಲವೆಂದರೆ ಪ್ರೊಕೈನಮೈಡ್ ಸಿಗುತ್ತದಾ ಅಂತ ಸೀನಿಯರನ್ನು ಕೇಳು. ರಾತ್ರಿ ಎಷ್ಟು ಹೊತ್ತಾಗಿದ್ದರೂ ಎಬ್ಬಿಸು, ಸಂಕೋಚ ಬೇಡ.

ಇಂತಿ,
ನಿನ್ನ ದೊಡ್ಡಪ್ಪ