ಕೆಂಗೇರಿಯ ಕೂಡುರಸ್ತೆ

ನಗರ ಬೆಳೆದಂತೆಲ್ಲ ಅದರ ಅಂಚಿನ ಊರೂ ಏಳಿಗೆ ಹೊಂದುವುದೆಂದು ನಾವು ಅರ್ಥಶಾಸ್ತ್ರದ ತರಗತಿಯಲ್ಲಿ ಸುಲಭವಾಗಿ ಒಪ್ಪಿಬಿಡುತ್ತೇವೆ. ದಿನವೂ ಕೆಂಗೇರಿಯಲ್ಲಿ ಬಸ್ಸಿಗೆ ಕಾಯುವ ನನಗೆ ಈ ಮಾತು ಅರ್ಧ ಮಾತ್ರ ನಿಜವೆಂದು ತೋರುತ್ತದೆ.

ವೃಷಭಾವತಿಯ ಬಳಿ, ಮೈಸೂರು ರಸ್ತೆಯ ಮೇಲೆ, ಬೆಂಗಳೂರಿನ ಪೇಟೆಯಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಈ ಊರಿದೆ. ಉತ್ತರಹಳ್ಳಿಯ ದಾರಿಯೂ ಕೊಮ್ಮಘಟ್ಟದ ದಾರಿಯೂ ಇಲ್ಲಿ ಹೆದ್ದಾರಿಗೆ ಬಂದು ಸೇರುತ್ತವೆ. 1880ರ ದಶಕದ ಆರಂಭದಲ್ಲಿ ಮೈಸೂರಿನ ರೈಲೂ ಈ ಮಾರ್ಗವಾಗಿಯೇ ಬಂದಿತು. ಇಂಥ ಊರಿಗೆ ಅನ್ನ ಕೊಡುವುದು ದಾರಿಯಲ್ಲ, ದಾರಿಹೋಕರ ನಿಲುಗಡೆ. ಬಸ್ಸು ನಿಂತರೆ ಕಾಫಿ, ಬಾಳೆಹಣ್ಣು, ಹೂವು.

2007ರಲ್ಲಿ ಕೆಂಗೇರಿ ಪುರಸಭೆ ಬೃಹತ್ ಬೆಂಗಳೂರಿನೊಳಗೆ ಸೇರಿಹೋಯಿತು. 2023ರ ಮಾರ್ಚಿಯಲ್ಲಿ ಮೈಸೂರಿನ ಹೊಸ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಪಕ್ಕಕ್ಕೆ ಸರಿಸಿ ಹೊರಗಿನಿಂದ ಹಾದುಹೋಗುತ್ತದೆ. ಮದ್ದೂರು ವಡೆಯ ಹೋಟೆಲುಗಳೂ ಚನ್ನಪಟ್ಟಣದ ಗೊಂಬೆಯಂಗಡಿಗಳೂ ಗಿರಾಕಿಗಳನ್ನು ಕಳೆದುಕೊಂಡುದು ಎಲ್ಲರೂ ಬಲ್ಲ ವಿಷಯ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಊರವರಿಗೆ ಉಳಿದುದು ಪಕ್ಕದ ರಸ್ತೆ.

ಕೆಂಗೇರಿಯ ಪಾಡು ಬೇರೆ. ಇದು ಆ ಹೆದ್ದಾರಿಯ ಬಾಯಿ. ಇದನ್ನು ಬಳಸಿ ಹೋಗುವ ದಾರಿ ಮಾಡಿಲ್ಲ. ಆದುದರಿಂದ ಹಗಲಿರುಳೂ ವಾಹನಗಳ ಹೊಗೆ, ಧೂಳು, ಹಾರನ್ನು ಎಲ್ಲವೂ ಇಲ್ಲಿಯವರ ಪಾಲಿಗೆ ಬಂದಿವೆ. ವಾಹನದಿಂದ ಇಳಿಯುವವರು ಮಾತ್ರ ಕಡಿಮೆ. ಹೊಳೆಯದೂ ಇದೇ ಕಥೆ. ಬಸವನಗುಡಿಯ ಕಡೆ ಹುಟ್ಟುವ ವೃಷಭಾವತಿ ಪಶ್ಚಿಮ ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತು, ಕೆಂಗೇರಿಗೆ ವಾಸನೆಯನ್ನಷ್ಟೇ ಹಂಚಿ, ಅರ್ಕಾವತಿಯ ಕಡೆ ಹೋಗುತ್ತದೆ.

ರಸ್ತೆಯ ಬದಿಯಲ್ಲಿ ಹೂ ಮಾರುವ ಅಜ್ಜಿಯೊಬ್ಬರನ್ನು ವ್ಯಾಪಾರ ಹೇಗೆಂದು ಕೇಳಿದೆ. “ಮುಂಚೆ ಮೈಸೂರು ಬಸ್ಸು ನಿಂತ್ರೆ ಹತ್ತು ಮೊಳ ಹೋಗೋದು ಕಣಪ್ಪ. ಈಗ ಗಾಡಿ ಎಣಿಸ್ತಾ ಕೂತಿದ್ದೀನಿ” ಎಂದರು. ಎದುರು ಬದಿಯ ನಲ್ಲಿಯಿಂದ ನೀರು ತರಬೇಕಾದರೆ ರಸ್ತೆ ದಾಟಲು ಯಾರಾದರೂ ಹುಡುಗರು ಕೈಹಿಡಿಯಬೇಕಂತೆ.

ಮೆಟ್ರೋವನ್ನು ಮಾತ್ರ ನಾನು ಈ ದೂರಿನಲ್ಲಿ ಸೇರಿಸಲಾರೆ. 2021ರ ಆಗಸ್ಟಿನಲ್ಲಿ ಅದು ಕೆಂಗೇರಿಗೆ ಬಂದಿತು. ಎರಡು ವರ್ಷ ಇದೇ ಕೊನೆಯ ನಿಲ್ದಾಣವಾಗಿದ್ದು, 2023ರ ಅಕ್ಟೋಬರಿನಲ್ಲಿ ಮಾರ್ಗ ಚಲ್ಲಘಟ್ಟಕ್ಕೆ ಬೆಳೆಯಿತು. ಆದರೂ ಅದರಿಂದ ಇಳಿದವರು ನಡೆದೇ ಹೋಗಬೇಕು, ನಡೆಯುವವರು ಅಂಗಡಿಯ ಮುಂದೆ ನಿಲ್ಲುತ್ತಾರೆ. ಕಳೆದ ತಿಂಗಳಿನಿಂದ ಅಜ್ಜಿಯ ಬುಟ್ಟಿ ಮೆಟ್ರೋ ಮೆಟ್ಟಿಲ ಬಳಿ ಇದೆ.