ಹುಲಿಗೆಮ್ಮನ ಹರಕೆ ಇರಲಿ, ಡಾಕ್ಟರನ್ನೂ ಕಾಣು

ತಮ್ಮಾ, ನಿಮ್ಮವ್ವ ಎಲ್ಲಾ ಹೇಳಿದಳು. ರಾತ್ರಿ ಮೂರಕ್ಕೇ ಎಚ್ಚರಾಗಿ ಬೆಳಗಿನತನಕ ಸೂರು ನೋಡ್ತಾ ಮಲಗಿರ್ತೀಯಂತೆ. ಊಟ ಸೇರೋದಿಲ್ಲ, ಗೆಳೆಯರ ಫೋನ್ ಎತ್ತೋದಿಲ್ಲ, ಕಂಪ್ಲಿಯಿಂದ ಹೊಸಪೇಟೆಗೆ ಕೆಲಸಕ್ಕೆ ಹೋಗೋ ಬಸ್ಸು ದಿನಾ ತಪ್ಪಿಸ್ತೀಯಂತೆ. ನಿಮ್ಮಪ್ಪ ಸೋಮಾರಿ ಅಂತಾನೆ. ಮಾವ, ಹಂಪಿ ಸುತ್ತಿಸಿಕೊಂಡು ಬನ್ನಿ, ಸರಿಹೋಗ್ತಾನೆ ಅಂತಾನೆ. ಅವ್ವ ಹುಣ್ಣಿಮೆಗೆ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಳೆ. ಹರಕೆ ತೀರಿಸಿ ಬಾ, ನನ್ನ ಅಡ್ಡಿಯಿಲ್ಲ. ಆದರೆ ಎರಡು ವಾರ ದಾಟಿಯೂ ದಿನವಿಡೀ ಹೀಗೇ ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಉಂಟು.

ಇದೆಲ್ಲ ಬೆಂಗಳೂರಿನವರಿಗೆ ಅಂದುಕೊಳ್ಳಬೇಡ. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕಾಲ, 1980ರ ದಶಕ. ನಿಮ್ಹಾನ್ಸ್‌ನವರು ಇಲ್ಲಿಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸೋದನ್ನು ಕಲಿಸಿದರು. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಪ್ರಯೋಗವೇ ಮಾದರಿ. ಗಣಿ, ಧೂಳು ಅಂತ ಬೈಸಿಕೊಳ್ಳುವ ಸೀಮೆಗೆ ಈ ಹೆಸರೂ ಇದೆ. ನಮ್ಮವರಿಗೇ ಗೊತ್ತಿಲ್ಲ, ಅಷ್ಟೆ.

ಮಾತಾಡಿದರೆ ಏನು ಬಂತು ಅಂತೀಯಾ. ಆಪ್ತಸಮಾಲೋಚನೆ ಅಂದರೆ ಕಟ್ಟೆಪುರಾಣವಲ್ಲ, ನನ್ನಂಥವಳ ಬುದ್ಧಿವಾದವೂ ಅಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂರಿಸಿಕೊಂಡು ಕೇಳ್ತಾರೆ. ಕೆಲವರು ಹಾಳೆ ಕೊಟ್ಟು, ಯಾವ ಹೊತ್ತಿಗೆ ಏನು ಮಾಡಿದೆ, ಆಗ ಮನಸ್ಸು ಹತ್ತಕ್ಕೆ ಎಷ್ಟಿತ್ತು ಅಂತ ಬರೆಸ್ತಾರೆ. ಹಾಸಿಗೆಯಲ್ಲೇ ಬಿದ್ದಿದ್ದಾಗ ಎರಡು, ಕಾಲುವೆ ದಂಡೆತನಕ ನಡೆದು ಬಂದಾಗ ನಾಲ್ಕು. ಮನಸ್ಸು ಸರಿಹೋದಮೇಲೆ ಏಳ್ತೀನಿ ಅಂತ ನೀನು ಕಾಯ್ತೀಯ. ಅವರು ಮೊದಲು ಎದ್ದು ಕಾಲುವೆತನಕ ಹೋಗಿ ಬಾ ಅಂತಾರೆ. ಮನಸ್ಸು ಹಿಂದಿನಿಂದ ಬರ್ತದೆ. ‘ನಾನು ಯಾತಕ್ಕೂ ಬಾರದವನು’ ಅನ್ನೋ ನಿನ್ನ ಮಾತನ್ನೂ ಬಿಡೋದಿಲ್ಲ, ಅದಕ್ಕೆ ಸಾಕ್ಷಿ ಏನು ಅಂತ ಕೇಳ್ತಾರೆ.

ಮಾತ್ರೆ ಬರೆದುಕೊಟ್ಟರೆ ತಪ್ಪಿಸದೆ ನುಂಗು. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಹಿಡೀತದೆ, ನಮ್ಮ ಜನ ನಾಲ್ಕನೇ ದಿನಕ್ಕೇ ಬಿಡ್ತಾರೆ. ಹಗುರಾಯ್ತು ಅಂತ ನೀನಾಗೇ ನಿಲ್ಲಿಸಲೂಬೇಡ. ನಿದ್ದೆ ಬರ್ತದೆ ಅಂತ ಕ್ವಾರ್ಟರ್ ಬಾಟ್ಲಿಗೆ ಕೈಹಾಕಬೇಡ, ಅದು ಇದ್ದ ನಿದ್ದೆಯನ್ನೂ ಕೆಡಿಸ್ತದೆ.

ಸತ್ತರೆ ಸಾಕು ಅನ್ನಿಸಿತೋ, ಬೆಳಗಾಗಲಿ ಅಂತ ಕಾಯಬೇಡ. ಅಪ್ಪನನ್ನೋ ಅವ್ವನನ್ನೋ ಆಗಲೇ ಎಬ್ಬಿಸು, ಇಲ್ಲವೇ ನನಗೆ ಫೋನ್ ಮಾಡು. 14416 ಅಂತ ಟೆಲಿ ಮಾನಸ್ ಸಹಾಯವಾಣಿ ಇದೆ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಹೊಸಪೇಟೆ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗ್ತಾರೆ ಅಂತ ವಿಚಾರಿಸಿಕೊಂಡು ಹೋಗು. ನಿದ್ದೆ, ಊಟ, ಅಳು, ಬೇಡದ ಯೋಚನೆ, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೇ ಹೋಗು. ಡಾಕ್ಟರ ಮುಂದೆ ಕೂತಾಗ ನಮ್ಮವರು ‘ಸುಸ್ತು, ಎದೆಯುರಿ’ ಅಂದು ಗ್ಯಾಸಿನ ಗುಳಿಗೆ ತಗೊಂಡು ಎದ್ದು ಬರ್ತಾರೆ.