ಆಂಪ್ಲಿಫೈಯರ್ ಬದಲಿಸುವ ಮೊದಲು ವೈರ್ ನೋಡಿ

ಬನದ ಹುಣ್ಣಿಮೆ ಬಂತೆಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಗಾಡಿಗಳ ಸಾಲು. ಹಾಡು ಹಚ್ಚಿಕೊಂಡು ಹೊರಟ ಹುಡುಗರಿಗೆ ಸೌಂಡ್ ಸಾಲದು ಅನ್ನಿಸಿದರೆ ಮೊದಲು ಹೊಳೆಯುವುದು ಇನ್ನೂ ದೊಡ್ಡ ಆಂಪ್ಲಿಫೈಯರ್. ದುಡ್ಡು ಸುರಿಯುವ ಮೊದಲು ಬಾನೆಟ್ ಎತ್ತಿ ನೋಡುವುದು ಒಳ್ಳೆಯದು.

ಡಬ್ಬಿಯ ಮೇಲಿನ ದೊಡ್ಡ ವ್ಯಾಟ್ ಕ್ಷಣಮಾತ್ರದ್ದು. ನಂಬಬೇಕಾದದ್ದು ಆರ್‌ಎಂಎಸ್ ಅಂಕಿ. 500 ವ್ಯಾಟ್ ಆರ್‌ಎಂಎಸ್ ಕೊಡುವ ಎಬಿ ಕ್ಲಾಸ್ ಆಂಪ್ಲಿಫೈಯರ್ ಪೂರ್ತಿ ದುಡಿದಾಗ ಸುಮಾರು 60 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ಅಂದುಕೊಳ್ಳಿ. ನಡುವೆ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಇದ್ದರೆ ದಾರಿಯಲ್ಲೇ 1.3 ವೋಲ್ಟ್ ಸೋರಿಹೋಗುತ್ತದೆ. 25 ಚದರ ಮಿಲಿಮೀಟರಿನದಾದರೆ ಬರೀ 0.2. ಹಾಡು ಮುಗಿದ ಮೇಲೆ ವೈರ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಪವರ್ ಅಲ್ಲೇ ಸುಟ್ಟಿದೆ.

ಅರ್ಥ್ ವೈರ್ ಕೂಡ ಅಷ್ಟೇ ದಪ್ಪವಿರಬೇಕು. ಬಾಡಿಯ ಬಣ್ಣ ಉಜ್ಜಿ, ತಗಡು ಹೊಳೆದ ಮೇಲೆಯೇ ಬೋಲ್ಟ್ ಬಿಗಿಯಬೇಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಲ್ಲದಿದ್ದರೆ, ವೈರ್ ಸಿಪ್ಪೆ ಸವೆದ ದಿನ ಬೆಂಕಿ ಹತ್ತೀತು.

ಗೇನ್ ತಿರುಗಿಸಿದರೆ ಪವರ್ ಹುಟ್ಟುವುದಿಲ್ಲ. ದನಿ ಒಡೆಯುತ್ತದೆ, ಸ್ಪೀಕರಿನ ಕಾಯಿಲ್ ಸುಡುತ್ತದೆ. ವ್ಯಾಟ್ ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬಲ್ ಮಾತ್ರ.

ಊರೊಳಗೆ ಬಂದಾಗ ಸೌಂಡ್ ಇಳಿಸಿರಿ. ವಸತಿ ಪ್ರದೇಶಕ್ಕೆ ಕಾನೂನು ಹಾಕಿದ ಮಿತಿ ಹಗಲು 55, ರಾತ್ರಿ 10ರ ನಂತರ 45 ಡೆಸಿಬಲ್.